ತಪಾಸಣೆಯಲ್ಲಿ ಬ್ರೇಕ್ ಫೇಲ್: ಕಾರು ಎಡಕ್ಕೆ ಎಳೆಯುತ್ತದೆ, ಹ್ಯಾಂಡ್‌ಬ್ರೇಕ್ ಹಿಡಿಯುವುದಿಲ್ಲ. ಮನೆಯಲ್ಲೇ ಸರಿಮಾಡುವುದು ಹೇಗೆ?

ಆರಿಕ್ಕಾಡಿ_ಆಲ್ಟೊ

ಗಾಡಿ 2010ರ ಮಾರುತಿ ಆಲ್ಟೊ, ಪೆಟ್ರೋಲ್, ಎಬಿಎಸ್ ಇಲ್ಲ. ಮುಂದೆ ಡಿಸ್ಕ್, ಹಿಂದೆ ಡ್ರಮ್. ಹದಿನೈದು ವರ್ಷದ ಆರ್‌ಸಿ ನವೀಕರಣಕ್ಕೆ ಫಾರ್ಮ್ 25 ಹಾಕಿ ತಪಾಸಣೆಗೆ ಒಯ್ದಾಗ ಎರಡು ಕಾರಣ ಕೊಟ್ಟು ವಾಪಸ್ ಕಳಿಸಿದ್ದಾರೆ. ಮುಂದಿನ ಎರಡು ಚಕ್ರಗಳ ಬ್ರೇಕ್ ಸಮ ಇಲ್ಲ, ಹ್ಯಾಂಡ್‌ಬ್ರೇಕ್ ಸಾಲದು.

ಈಗಿನ ಸ್ಥಿತಿ ಹೀಗೆ: ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಕಾರು ಎಡಕ್ಕೆ ಹೋಗುತ್ತದೆ. ಪೆಡಲ್ ಗಟ್ಟಿ ಉಂಟು, ಒತ್ತಿ ಹಿಡಿದರೆ ಕೆಳಗೆ ಇಳಿಯುವುದಿಲ್ಲ. ಮುಂದಿನ ಪ್ಯಾಡ್‌ಗಳಲ್ಲಿ ಹೊರಗಿನಿಂದ ಕಾಣುವಷ್ಟರಲ್ಲಿ 5 ಮಿ.ಮೀ. ಇದೆ. ಹ್ಯಾಂಡ್‌ಬ್ರೇಕ್ ಲಿವರ್ ಪೂರ್ತಿ ಮೇಲೆ ಬಂದರೂ ಇಳಿಜಾರಿನಲ್ಲಿ ಗಾಡಿ ಜಾರುತ್ತದೆ. ಬ್ರೇಕ್ ಆಯಿಲ್ ಕಪ್ಪಾಗಿದೆ. ಮಳೆಗಾಲ ಪೂರ್ತಿ ಗಾಡಿ ಹೆಚ್ಚಾಗಿ ಹೊರಗೇ ನಿಂತಿತ್ತು.

ಜಾಕ್, ರಿಂಗ್ ಸ್ಪ್ಯಾನರ್ ಸೆಟ್, ವೈರ್ ಬ್ರಶ್ ಇವೆ. ಎಡದ ಕಡೆ ತೊಂದರೆ ಎಂದು ಎಡಕ್ಕೆ ಹೊಸ ಪ್ಯಾಡ್ ಹಾಕಿದರೆ ಸಾಕಾ? ಹ್ಯಾಂಡ್‌ಬ್ರೇಕಿಗೆ ಕೇಬಲ್ ಬಿಗಿ ಮಾಡಿದರೆ ಆಗುತ್ತದಾ?

ಬದಿಯಡ್ಕ_ಪಾನಾ

ಎರಡರಿಂದಲೂ ಆಗುವುದಿಲ್ಲ. ಮೊದಲು ಪ್ಯಾಡ್ ತರಬೇಡಿ, ಯಾವ ಚಕ್ರ ಕೆಲಸ ಮಾಡುತ್ತಿಲ್ಲ ಎಂದು ನೋಡಿ.

ಬ್ರೇಕ್ ಹಾಕಿದಾಗ ಕಾರು ಎಳೆಯುವುದು ಚೆನ್ನಾಗಿ ಹಿಡಿಯುವ ಚಕ್ರದ ಕಡೆಗೆ. ಎಡಕ್ಕೆ ಎಳೆಯುತ್ತದೆ ಎಂದರೆ ಹೆಚ್ಚಿನ ಪಾಲು ಮುಂದಿನ ಬಲ ಚಕ್ರ ಸೋತಿದೆ. ಪೆಡಲ್ ಗಟ್ಟಿ ಇದ್ದು, ಪ್ಯಾಡ್ ಉಳಿದಿದ್ದೂ ಹೀಗಾದರೆ ಕ್ಯಾಲಿಪರಿನ (ಡಿಸ್ಕನ್ನು ಎರಡೂ ಬದಿಯಿಂದ ಹಿಡಿಯುವ ಭಾಗ) ಸ್ಲೈಡ್ ಪಿನ್, ಅಂದರೆ ಅದು ಜಾರುವ ಕಡ್ಡಿ, ಅಥವಾ ಪ್ಯಾಡನ್ನು ಒತ್ತುವ ಪಿಸ್ಟನ್ ತುಕ್ಕು ಹಿಡಿದು ಜಾಮ್ ಆಗಿದೆ ಎಂದೇ ಮೊದಲ ಅನುಮಾನ. ಕಡಲ ಬದಿಯ ಗಾಳಿಗೆ, ಮಳೆಗೆ ನಿಂತ ಗಾಡಿಯಲ್ಲಿ ಇದು ಬಹಳ ಸಾಮಾನ್ಯ.

ಪರೀಕ್ಷೆ ಹೀಗೆ. ಮುಂಭಾಗ ಎತ್ತಿ ಸ್ಟ್ಯಾಂಡಿನ ಮೇಲೆ ಇಟ್ಟು ಗೇರ್ ನ್ಯೂಟ್ರಲ್ ಮಾಡಿ. ಒಬ್ಬರು ಪೆಡಲ್ ಒತ್ತಿ ಹಿಡಿಯಲಿ, ನೀವು ಎರಡೂ ಚಕ್ರ ಕೈಯಲ್ಲಿ ತಿರುಗಿಸಿ ನೋಡಿ. ಆಮೇಲೆ ಪೆಡಲ್ ಬಿಡಿಸಿ ಮತ್ತೆ ತಿರುಗಿಸಿ. ಪೆಡಲ್ ಬಿಟ್ಟ ಮೇಲೂ ಯಾವುದಾದರೂ ಚಕ್ರ ಬಿಗಿಯಾಗಿಯೇ ಇದ್ದರೆ ಆ ಕ್ಯಾಲಿಪರಿನ ನಿಪ್ಪಲ್ (ಆಯಿಲ್, ಗಾಳಿ ಹೊರಬಿಡುವ ಸಣ್ಣ ತಿರುಪು) ಅರ್ಧ ಸುತ್ತು ಸಡಿಲ ಮಾಡಿ. ಸ್ವಲ್ಪ ಆಯಿಲ್ ಚಿಮ್ಮಿ ಚಕ್ರ ಸಡಿಲಾದರೆ ಒಳಗೆ ಒತ್ತಡ ಸಿಕ್ಕಿಕೊಂಡಿತ್ತು ಎಂದರ್ಥ: ರಬ್ಬರ್ ಹೋಸ್ ಒಳಗಿನಿಂದ ಊದಿ ಮುಚ್ಚಿಕೊಂಡಿದೆ, ಅಥವಾ ದೋಷ ಪೆಡಲಿನ ಒತ್ತಡವನ್ನು ಆಯಿಲಿಗೆ ಕೊಡುವ ಮಾಸ್ಟರ್ ಸಿಲಿಂಡರಿನದ್ದು. ನಿಪ್ಪಲ್ ತೆರೆದರೂ ಚಕ್ರ ಬಿಗಿಯೇ ಇದ್ದರೆ ಪಿಸ್ಟನ್ ಅಥವಾ ಪಿನ್ ಜಾಮ್. ಈ ಒಂದು ಪರೀಕ್ಷೆ ಮಾಡದೆ ಸಾಮಾನು ಬದಲಿಸುತ್ತಾ ಹೋದರೆ ದುಡ್ಡು ಹೋಗುತ್ತದೆ, ಎಳೆತ ಹೋಗುವುದಿಲ್ಲ.

ಮುಂದೆ ಬಿಚ್ಚುವ ಕ್ರಮ: ಕ್ಯಾಲಿಪರಿನ ಹಿಂದಿನ ಎರಡು ಪಿನ್ ಬೋಲ್ಟ್ ತೆಗೆದು ಕ್ಯಾಲಿಪರ್ ಎತ್ತಿ, ಗಟ್ಟಿ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ. ಹೋಸಿನಲ್ಲಿ ನೇತಾಡಲು ಬಿಡಬಾರದು. ಒಳಗಿನ ಪ್ಯಾಡನ್ನೂ ಹೊರಗಿನ ಪ್ಯಾಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನೀವು ಹೊರಗಿನಿಂದ ಕಂಡದ್ದು ಹೊರಗಿನ ಪ್ಯಾಡ್ ಮಾತ್ರ. ಒಳಗಿನದ್ದು ಸವೆದು ಹೊರಗಿನದ್ದು ದಪ್ಪ ಉಳಿದಿದ್ದರೆ ಪಿನ್ ಜಾರುತ್ತಿಲ್ಲ. ಲೈನಿಂಗ್ 3 ಮಿ.ಮೀ.ಗೆ ಬಂದಿದ್ದರೆ ಅಥವಾ ಎಣ್ಣೆ ಕುಡಿದಿದ್ದರೆ ಎರಡೂ ಬದಿಗೆ ಹೊಸ ಸೆಟ್ ಹಾಕಬೇಕು. ಒಂದೇ ಬದಿಗೆ ಹಾಕಿದರೆ ಮತ್ತೆ ಸಮ ಬರುವುದಿಲ್ಲ, ಮತ್ತೆ ಫೇಲ್. ಡಿಸ್ಕಿನ ಕನಿಷ್ಠ ದಪ್ಪ ಡಿಸ್ಕಿನ ಮೇಲೆಯೇ ಅಚ್ಚಾಗಿರುತ್ತದೆ. ಅದಕ್ಕಿಂತ ತೆಳ್ಳಗಾಗಿದ್ದರೆ ಅದೂ ಜೋಡಿಯಾಗಿ ಬದಲಿಸಬೇಕು.

ಪಿನ್ ಹೊರಗೆ ಎಳೆದು ಬೆಳಕಿಗೆ ಹಿಡಿಯಿರಿ. ಸರಿ ಇರುವ ಪಿನ್ ಉದ್ದಕ್ಕೂ ಹೊಳೆಯುತ್ತದೆ. ಜಾಮ್ ಆದದ್ದರಲ್ಲಿ ರಬ್ಬರ್ ಬೂಟಿನ ಹತ್ತಿರ ಕಂದು ಪಟ್ಟಿ, ಅದರಾಚೆ ಒಣಗಿ ಅಂಟಿದ ಹಳೆಯ ಗ್ರೀಸ್ ಕಾಣುತ್ತದೆ. ತೆಳು ತುಕ್ಕಾದರೆ ನುಣುಪಾದ ಉಜ್ಜುಕಾಗದದಲ್ಲಿ ತೆಗೆಯಬಹುದು. ಉಗುರಿಗೆ ಗುಳಿ ಸಿಕ್ಕಿದರೆ ಹೊಸ ಪಿನ್. ಪಿನ್ ಕೂರುವ ತೂತನ್ನೂ ಬ್ರೇಕ್ ಕ್ಲೀನರಿನಿಂದ ಪೂರ್ತಿ ತೊಳೆದು ಒಣಗಿಸಿ, ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿ. ತುಂಬಾ ತುಂಬಿದರೆ ಒಳಗೆ ಗಾಳಿ ಸಿಕ್ಕಿ ಪಿನ್ ಹಿಂದೆ ತಳ್ಳುತ್ತದೆ. ಚಕ್ರದ ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಬೇಡವೇ ಬೇಡ, ರಬ್ಬರ್ ಊದಿ ಮತ್ತೆ ಹಿಡಿದುಕೊಳ್ಳುತ್ತದೆ.

ಇನ್ನೊಂದು ಜಾಗವನ್ನು ಗ್ಯಾರೇಜಿನವರೂ ಬಿಟ್ಟುಬಿಡುತ್ತಾರೆ. ಪ್ಯಾಡಿನ ಕಿವಿಗಳು ಕೂರುವ ಸ್ಟೀಲ್ ಕ್ಲಿಪ್ ತೆಗೆದು ಅದರ ಅಡಿ ನೋಡಿ. ಅಲ್ಲಿ ತುಕ್ಕು ಬೆಳೆದು ಕ್ಲಿಪ್ಪನ್ನು ಮೇಲಕ್ಕೆ ದೂಡಿರುತ್ತದೆ, ಪ್ಯಾಡ್ ಅದರ ನಡುವೆ ಬಿಗಿಯಾಗುತ್ತದೆ. ವೈರ್ ಬ್ರಶ್, ಅರದಿಂದ ಲೋಹ ಕಾಣುವವರೆಗೆ ಉಜ್ಜಿ. ಪ್ಯಾಡ್ ಕೈಬೆರಳಿನಲ್ಲಿ ದೂಡಿದರೆ ಜಾರಬೇಕು, ಸುತ್ತಿಗೆ ಬೇಕಾಗಬಾರದು.

ಪಿಸ್ಟನ್ ಹಿಂದೆ ತಳ್ಳಲು ಹಳೆಯ ಪ್ಯಾಡ್ ಅಡ್ಡ ಇಟ್ಟು ಸಿ-ಕ್ಲ್ಯಾಂಪ್ ಬಳಸಿ, ನಿಧಾನವಾಗಿ. ಮೇಲಿನ ಡಬ್ಬಿ ತುಂಬಿ ಚೆಲ್ಲದಂತೆ ಮೊದಲೇ ಸ್ವಲ್ಪ ಆಯಿಲ್ ಸಿರಿಂಜಿನಲ್ಲಿ ತೆಗೆದುಬಿಡಿ. ಕ್ಲ್ಯಾಂಪಿಗೂ ಪಿಸ್ಟನ್ ಜಗ್ಗದಿದ್ದರೆ ಸೀಲ್ ಕಿಟ್ ಬೇಕು. ಆ ಚೌಕ ಅಂಚಿನ ರಬ್ಬರ್ ಸೀಲೇ ಪೆಡಲ್ ಬಿಟ್ಟಾಗ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುವುದು. ಅದು ಗಡಸಾದರೆ ಪ್ಯಾಡ್ ಡಿಸ್ಕಿಗೆ ತಾಗಿಯೇ ಇರುತ್ತದೆ. ಪಿಸ್ಟನ್ ಹೊರ ತೆಗೆಯುವಾಗ ಎದುರಿಗೆ ಮರದ ತುಂಡು ಇಟ್ಟು ಪೆಡಲ್ ಒತ್ತಿ ಹೊರಗೆ ಬರಿಸಿ. ಕಂಪ್ರೆಸರ್ ಗಾಳಿ ಕೊಟ್ಟು ಬೆರಳು ಅಡ್ಡ ಇಟ್ಟವರ ಬೆರಳು ಜಜ್ಜಿಹೋಗುತ್ತದೆ. ಪಿಸ್ಟನ್ನಿನ ಮೈಯಲ್ಲಿ ಗುಳಿ ಬಿದ್ದಿದ್ದರೆ ಬರೀ ಸೀಲ್ ಹಾಕಿ ಪ್ರಯೋಜನ ಇಲ್ಲ.

ಮುಳ್ಳೇರಿಯ_ಮುರಕಲ್ಲು

ಎತ್ತುವ ವಿಷಯದಲ್ಲಿ ಮಾತ್ರ. ನಮ್ಮ ಕಡೆ ಎಲ್ಲರ ಅಂಗಳದಲ್ಲಿ ಕೆಂಪುಕಲ್ಲು (ಮುರಕಲ್ಲು) ಸಿಗುತ್ತದೆ, ಜಾಕ್ ಹಾಕಿ ಅಡಿಗೆ ಎರಡು ಕಲ್ಲು ಕೊಡುವುದು ರೂಢಿ. ದಯವಿಟ್ಟು ಮಾಡಬೇಡಿ. ಮುರಕಲ್ಲಿನ ಮೇಲೆ ಭಾರ ಒಂದೇ ಬಿಂದುವಿಗೆ ಬಿದ್ದರೆ ಮುನ್ಸೂಚನೆ ಇಲ್ಲದೆ ಸೀಳುತ್ತದೆ, ಮಳೆ ನೀರು ಕುಡಿದ ಕಲ್ಲಂತೂ ಇನ್ನೂ ಮೆತ್ತಗೆ. ಕಬ್ಬಿಣದ ಆಕ್ಸಲ್ ಸ್ಟ್ಯಾಂಡ್ ಒಂದು ಜೊತೆ ತನ್ನಿ, ಮಣ್ಣಿನ ಅಂಗಳವಾದರೆ ಸ್ಟ್ಯಾಂಡಿನ ಅಡಿಗೆ ದಪ್ಪ ಹಲಗೆ ಹಾಕಿ. ಬಿಚ್ಚಿದ ಚಕ್ರವನ್ನು ಬಾಗಿಲಿನ ಕೆಳಗಿನ ಅಂಚಿನಡಿ ಮಲಗಿಸಿಡಿ.

ನಿಮ್ಮ ಹ್ಯಾಂಡ್‌ಬ್ರೇಕ್ ಹಿಡಿಯುವುದಿಲ್ಲ, ಆದ್ದರಿಂದ ಮುಂದೆ ಎತ್ತುವಾಗ ಹಿಂದಿನ ಚಕ್ರಗಳಿಗೆ ಎರಡೂ ಬದಿಯಿಂದ ಅಡ್ಡ ಕೊಡಬೇಕು. ಹಿಂದೆ ಎತ್ತುವಾಗ ಗೇರಿನಲ್ಲಿ ಇಟ್ಟು ಮುಂದಿನ ಚಕ್ರಗಳಿಗೆ ಅಡ್ಡ. ಡ್ರಮ್ ತೆಗೆಯಬೇಕಾದರೆ ಹ್ಯಾಂಡ್‌ಬ್ರೇಕ್ ಬಿಟ್ಟಿರಲೇಬೇಕು.

ಅಡಿಕೆ ಹರಡುವ ಸಿಮೆಂಟ್ ಅಂಗಳದಲ್ಲಿ ಈ ಕೆಲಸ ಬೇಡ. ಮಾಡಲೇಬೇಕಾದರೆ ಟಾರ್ಪಾಲ್ ಹಾಸಿ. ಬ್ರೇಕ್ ಆಯಿಲ್ ವಿಷ, ಪೇಂಟನ್ನೂ ಕೀಳುತ್ತದೆ. ಗಾಡಿಯ ಮೈಗೆ ಬಿದ್ದರೆ ಒರೆಸುವುದಲ್ಲ, ಕೂಡಲೇ ನೀರು ಸುರಿದು ತೊಳೆಯಿರಿ. ಹಳೆಯದನ್ನು ತೋಟಕ್ಕೋ ಬಾವಿ ಕಡೆಗೋ ಚೆಲ್ಲಬೇಡಿ, ಬಾಟಲಿಯಲ್ಲಿ ತುಂಬಿ ವರ್ಕ್‌ಶಾಪಿಗೆ ಕೊಡಿ.

ಉಪ್ಪಳ_ಡ್ರಮ್

ಹಿಂದಿನ ಚಕ್ರಗಳದ್ದು ನಾನು ಹೇಳುತ್ತೇನೆ. ಲಿವರ್ ಹತ್ತಿರದ ನಟ್ಟು ತಿರುಗಿಸಿ ಕೇಬಲ್ ಬಿಗಿ ಮಾಡುವುದು ಕೊನೆಯ ಕೆಲಸ. ಅದನ್ನೇ ಮೊದಲು ಮಾಡಿದರೆ ಡ್ರಮ್ಮಿನೊಳಗಿನ ಲಿವರ್ ತನ್ನ ಜಾಗಕ್ಕೆ ಮರಳುವುದಿಲ್ಲ, ಶೂವನ್ನು (ಡ್ರಮ್ಮಿಗೆ ಒಳಗಿನಿಂದ ಒತ್ತುವ ಬ್ರೇಕ್ ಪಟ್ಟಿ) ತಾನಾಗಿ ಹತ್ತಿರ ತರುವ ಆಟೊ ಅಡ್ಜಸ್ಟರ್ ಕೆಲಸ ನಿಲ್ಲಿಸುತ್ತದೆ, ಶೂ ಡ್ರಮ್ಮಿಗೆ ಉಜ್ಜುತ್ತಲೇ ಇರುತ್ತದೆ.

ಹಳೆಯ ಆಲ್ಟೊದಲ್ಲಿ ಬೇರಿಂಗ್ ಡ್ರಮ್ಮಿನಲ್ಲೇ ಇರುವುದರಿಂದ ನಡುವಿನ ಮುಚ್ಚಳ ತೆಗೆದು, ನಟ್ಟಿನ ಬಡಿದು ಮಡಚಿದ ಭಾಗ ಎಬ್ಬಿಸಿ, ನಟ್ಟು ಬಿಚ್ಚಿದ ಮೇಲೆ ಡ್ರಮ್ ಬರುತ್ತದೆ. ಅದೇ ನಟ್ಟನ್ನು ಮತ್ತೆ ಹಾಕಬೇಡಿ, ಹೊಸತು ಹಾಕಿ ಮ್ಯಾನುಯಲಿನ ಟಾರ್ಕಿಗೆ ಬಿಗಿದು ಮತ್ತೆ ಮಡಚಬೇಕು. ಟಾರ್ಕ್ ರೆಂಚ್ ಬಾಡಿಗೆಗಾದರೂ ತನ್ನಿ, ಇದು ಚಕ್ರವನ್ನೇ ಹಿಡಿದಿರುವ ನಟ್ಟು. ಸವೆದ ಅಂಚು ಶೂಗೆ ಸಿಕ್ಕಿ ಡ್ರಮ್ ಬರದಿದ್ದರೆ ಕೇಬಲ್ ಪೂರ್ತಿ ಸಡಿಲ ಮಾಡಿ, ಹಿಂದಿನ ತಟ್ಟೆಯ ರಬ್ಬರ್ ಬಿರಡೆ ತೆಗೆದು ಸ್ಕ್ರೂಡ್ರೈವರಿನಿಂದ ಶೂ ಹಿಂದೆ ಸರಿಸಿ. ಡ್ರಮ್ಮಿನ ಅಂಚಿಗೆ ಸುತ್ತಿಗೆಯಿಂದ ಬಡಿದರೆ ಬೀಡು ಒಡೆಯುತ್ತದೆ.

ಒಳಗಿನ ಧೂಳು ಊದಬೇಡಿ, ಏರ್ ಹೊಡೆಯಬೇಡಿ. ಹಳೆಯ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಸೋಪು ನೀರಿನಿಂದ ಒದ್ದೆ ಮಾಡಿ ಒರೆಸಿ, ಬಟ್ಟೆಯನ್ನು ಕವರಿಗೆ ಹಾಕಿ ಕಟ್ಟಿ.

ಆಮೇಲೆ ಶೂಗಳನ್ನು ದೂಡುವ ವೀಲ್ ಸಿಲಿಂಡರಿನ ರಬ್ಬರ್ ಬೂಟಿನ ಅಂಚನ್ನು ಮೆಲ್ಲ ಎತ್ತಿ. ಸ್ವಲ್ಪ ಪಸೆ ಇದ್ದರೆ ಪರವಾಗಿಲ್ಲ, ಆಯಿಲ್ ತೊಟ್ಟಿಕ್ಕಿದರೆ ಸಿಲಿಂಡರ್ ಬದಲಿಸಬೇಕು. ಆಯಿಲ್ ಕುಡಿದ ಶೂವನ್ನು ಉಜ್ಜಿ, ಬಿಸಿಲಿಗಿಟ್ಟು ಮತ್ತೆ ಹಾಕುವವರಿದ್ದಾರೆ. ಎರಡು ಸಲ ಬಿಸಿಯಾದ ಕೂಡಲೇ ಒಳಗಿನ ಆಯಿಲ್ ಮೇಲೆ ಬರುತ್ತದೆ, ಹಿಡಿತ ಮತ್ತೆ ಹೋಗುತ್ತದೆ. ಶೂ ಸೆಟ್ ಎಂದರೆ ನಾಲ್ಕು, ನಾಲ್ಕೂ ಒಟ್ಟಿಗೆ. ಸ್ಪ್ರಿಂಗ್ ತುಕ್ಕು ಹಿಡಿದಿದ್ದರೆ ಅದೂ ಹೊಸತು.

ಒಂದು ಬದಿ ಪೂರ್ತಿ ಮುಗಿಸಿದ ಮೇಲೆಯೇ ಇನ್ನೊಂದು ಬಿಚ್ಚಿ. ಯಾವ ಸ್ಪ್ರಿಂಗ್ ಎಲ್ಲಿ ಎಂದು ನೋಡಲು ಬಿಚ್ಚದ ಬದಿ ಬೇಕು, ಅದು ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗು ಎಂಬುದು ನೆನಪಿರಲಿ. ಹಿಂದಿನ ತಟ್ಟೆಯಲ್ಲಿ ಶೂ ಉಜ್ಜುವ ಉಬ್ಬುಗಳಿಗೆ ಹೆಚ್ಚು ಬಿಸಿ ತಡೆಯುವ ಗ್ರೀಸ್ ಅಕ್ಕಿಕಾಳಿನಷ್ಟು ಸಾಕು. ಅಡ್ಜಸ್ಟರಿನ ಹಲ್ಲು ಸ್ವಚ್ಛ ಮಾಡಿ ಕೈಯಲ್ಲಿ ಓಡಿಸಿ ನೋಡಿ. ಹ್ಯಾಂಡ್‌ಬ್ರೇಕ್ ಸೋಲಲು ಹಲವು ಸಲ ಇದೊಂದೇ ಕಾರಣ. ಡ್ರಮ್ ಹಾಕಿ ಪೆಡಲನ್ನು ಗಟ್ಟಿಯಾಗಿ ಐದಾರು ಸಲ ಒತ್ತಿದರೆ ಶೂ ತಾನಾಗಿ ಹತ್ತಿರ ಬರುತ್ತದೆ. ಈಗ ಕೇಬಲ್: ಲಿವರ್ ಎಳೆದಾಗ ಐದರಿಂದ ಎಂಟು ಹಲ್ಲಿನೊಳಗೆ ಬಿಗಿಯಾಗಬೇಕು, ಲಿವರ್ ಬಿಟ್ಟಾಗ ಎರಡೂ ಚಕ್ರ ಸಲೀಸಾಗಿ ತಿರುಗಬೇಕು. ಒಂದೇ ಚಕ್ರ ಹಿಡಿದರೆ ಇನ್ನೊಂದರ ಕೇಬಲ್ ಹೊದಿಕೆಯೊಳಗೆ ತುಕ್ಕು ಹಿಡಿದಿದೆ. ಎಣ್ಣೆ ಬಿಟ್ಟು ಪ್ರಯೋಜನ ಕಡಿಮೆ, ಬದಲಿಸಿ.

ಆರಿಕ್ಕಾಡಿ_ಆಲ್ಟೊ

ಬಲ ಕ್ಯಾಲಿಪರಿನ ಕೆಳಗಿನ ಪಿನ್ ಜಾಮ್, ಒಳಗಿನ ಪ್ಯಾಡ್ 2 ಮಿ.ಮೀ. ಮಾತ್ರ. ಪಿಸ್ಟನ್ ಕ್ಲ್ಯಾಂಪಿಗೆ ಸಲೀಸಾಗಿ ಹೋಯಿತು. ಹಿಂದೆ ಎಡ ವೀಲ್ ಸಿಲಿಂಡರ್ ಸೋರುತ್ತಿದೆ, ಅದರ ನಿಪ್ಪಲ್ ತಿರುಗುವುದಿಲ್ಲ. ಇನ್ನು ಪೈಪಿನೊಳಗಿನ ಏರ್ ತೆಗೆಯಬೇಕಲ್ಲ, ಆಯಿಲ್ ಎಷ್ಟು, ಯಾವುದು?

ಬದಿಯಡ್ಕ_ಪಾನಾ

ಹೇಗೂ ಸಿಲಿಂಡರ್ ಬದಲಿಸುವುದಾದರೆ ಆ ನಿಪ್ಪಲಿನ ಚಿಂತೆ ಬಿಡಿ, ಹೊಸದರ ಜೊತೆ ಬರುತ್ತದೆ. ಜಾಗ್ರತೆ ಬೇಕಾದದ್ದು ಸಿಲಿಂಡರಿಗೆ ಬರುವ ಕಬ್ಬಿಣದ ಪೈಪಿನ ನಟ್ಟಿಗೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ, ಓಪನ್ ಸ್ಪ್ಯಾನರ್ ಅಲ್ಲ, ನಟ್ಟನ್ನು ಸುತ್ತಲೂ ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರ್ ಹಾಕಿ. ನಟ್ಟಿನ ಜೊತೆ ಪೈಪೂ ತಿರುಚಿಕೊಳ್ಳುವುದು ಕಂಡರೆ ಅಲ್ಲಿಗೇ ನಿಲ್ಲಿಸಿ. ಪೈಪ್ ತುಂಡಾದರೆ ಪೈಪಿನ ಬಾಯಿ ಅಗಲಿಸುವ (ಫ್ಲೇರ್ ಮಾಡುವ) ಯಂತ್ರ ಇರುವವರಲ್ಲಿ ಹೊಸತು ಮಾಡಿಸಬೇಕು. ತುಂಡನ್ನು ಕ್ಲಿಪ್ ಹಾಕಿ ಜೋಡಿಸುವುದು ಜೀವಕ್ಕೆ ಅಪಾಯ.

ಆಯಿಲ್ ಡಾಟ್ 3 ದರ್ಜೆಯದ್ದು, ಸೀಲ್ ಒಡೆಯದ ಬಾಟಲಿ. ಇದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಹೊಸತರ ಕುದಿಬಿಂದು ಕನಿಷ್ಠ 205 ಡಿಗ್ರಿ, ತೇವ ಹೀರಿದ ಮೇಲೆ 140ಕ್ಕೆ ಇಳಿಯಬಹುದು. ಘಟ್ಟ ಇಳಿಯುವಾಗ ಬಿಸಿಗೆ ಕುದಿದು ಆವಿಯಾದರೆ ಪೆಡಲ್ ನೆಲ ಕಾಣುತ್ತದೆ. ನಿಮ್ಮದು ಕಪ್ಪಾಗಿರುವುದರಿಂದ ಪೂರ್ತಿ ಬದಲಿಸಿ, ಒಂದು ಲೀಟರ್ ಇಟ್ಟುಕೊಳ್ಳಿ. ಮುಂದೆ ಎರಡು ವರ್ಷಕ್ಕೊಮ್ಮೆ ಬದಲಿಸಿ. ಎಂಜಿನ್ ಆಯಿಲ್, ಸೀಮೆಎಣ್ಣೆ, ಡೀಸೆಲ್ ಒಂದು ತೊಟ್ಟೂ ಒಳಗೆ ಹೋಗಬಾರದು. ಹೋದರೆ ಎಲ್ಲ ರಬ್ಬರ್ ಸೀಲೂ ಊದಿ ಹಾಳಾಗುತ್ತವೆ.

ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ, ಈ ಕ್ರಮದಲ್ಲಿ ಏರ್ ತೆಗೆಯಿರಿ. ನಿಪ್ಪಲಿಗೆ ಪಾರದರ್ಶಕ ಪೈಪ್ ಹಾಕಿ ಅದರ ತುದಿ ಆಯಿಲಿನಲ್ಲಿ ಮುಳುಗಿರಲಿ. ಪೆಡಲ್ ಒತ್ತಿ ಹಿಡಿಯುವುದು, ನಿಪ್ಪಲ್ ತೆರೆಯುವುದು, ಮುಚ್ಚುವುದು, ಆಮೇಲೆಯೇ ಪೆಡಲ್ ಬಿಡುವುದು. ಮುಚ್ಚುವ ಮೊದಲು ಪೆಡಲ್ ಬಿಟ್ಟರೆ ಗಾಳಿ ಹಿಂದಕ್ಕೆ ಎಳೆಯುತ್ತದೆ. ಮೇಲಿನ ಡಬ್ಬಿ ಖಾಲಿಯಾಗದಂತೆ ನೋಡುತ್ತಿರಿ.

ಪೆಡಲಿನ ಅಡಿಗೆ ಒಂದು ಮರದ ತುಂಡು ಇಡಿ, ನೆಲದವರೆಗೆ ಹೋಗಬಾರದು. ಹಳೆಯ ಮಾಸ್ಟರ್ ಸಿಲಿಂಡರಿನಲ್ಲಿ ಸೀಲ್ ಎಂದೂ ಓಡದ ಭಾಗ ತುಕ್ಕು ಹಿಡಿದಿರುತ್ತದೆ, ಅಲ್ಲಿಗೆ ಹೋದರೆ ಸೀಲ್ ಹರಿದು ಹಾಳಾಗುತ್ತದೆ. ಏರ್ ತೆಗೆದ ಮರುದಿನವೇ ಪೆಡಲ್ ಇಳಿಯತೊಡಗುವುದು ಹೀಗೆ.

ಎಲ್ಲ ಮುಗಿದ ಮೇಲೆ ಎಂಜಿನ್ ಚಾಲೂ ಮಾಡಿ ಪೆಡಲ್ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ಇಳಿಯಬಾರದು. ನಾಲ್ಕೂ ಚಕ್ರದ ಒಳಬದಿ ಟಾರ್ಚ್ ಬಿಟ್ಟು ಪಸೆ ನೋಡಿ. ಪ್ಯಾಡ್ ಡಿಸ್ಕಿಗೆ ಹತ್ತಿರ ಬರುವವರೆಗೆ ಪೆಡಲ್ ಪಂಪ್ ಮಾಡದೆ ಗಾಡಿ ಅಲುಗಿಸಬಾರದು, ಮೊದಲ ಒತ್ತಿಗೆ ಬ್ರೇಕೇ ಇರುವುದಿಲ್ಲ. ಹೊಸ ಪ್ಯಾಡ್ ಕೂರಿಸಲು ವಾಹನ ಓಡಾಟ ಇಲ್ಲದ ಒಳರಸ್ತೆಯಲ್ಲಿ ಗಂಟೆಗೆ 50 ಕಿ.ಮೀ. ವೇಗದಿಂದ 15ಕ್ಕೆ ಹದವಾಗಿ ಹತ್ತು ಸಲ ಇಳಿಸಿ, ನಡುವೆ ಪೂರ್ತಿ ನಿಲ್ಲಿಸಬೇಡಿ. ಆರು ಪಥದ ಹೆದ್ದಾರಿ ಇದಕ್ಕೆ ಜಾಗ ಅಲ್ಲ.

ಉಪ್ಪಳ_ಡ್ರಮ್

ಮರುತಪಾಸಣೆಗೆ ಒಯ್ಯುವ ಮೊದಲು ಎರಡು ಮುಂದಿನ ಟೈರಿನ ಗಾಳಿ ಸಮ ಮಾಡಿ. ಅದರಿಂದಲೂ ಒಂದು ಕಡೆಗೆ ಎಳೆಯುತ್ತದೆ. ಮಳೆ ಬಂದ ರಾತ್ರಿಯಾದರೆ ಬೆಳಿಗ್ಗೆ ನಾಲ್ಕಾರು ಸಲ ಬ್ರೇಕ್ ಹಾಕಿ ಡಿಸ್ಕಿನ ಮೇಲಿನ ತೆಳು ತುಕ್ಕು ಹೋದ ಮೇಲೆ ಹೋಗಿ. ಇನ್ನು ಮುಂದೆ ವಾರಗಟ್ಟಲೆ ನಿಲ್ಲಿಸುವುದಾದರೆ ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ಗೇರಿನಲ್ಲಿಟ್ಟು ಚಕ್ರಕ್ಕೆ ಅಡ್ಡ ಕೊಡಿ; ಒದ್ದೆ ಶೂ ಡ್ರಮ್ಮಿಗೆ ಅಂಟಿ ಲೈನಿಂಗೇ ಕಿತ್ತು ಬರುತ್ತದೆ.