ಕೈಸನ್ನೆಗೆ ಕತೆಯ ದೃಶ್ಯ ಸರಿಯಾಗಿ ಬದಲಾಗುತ್ತಿಲ್ಲ

ವಿಜ್ಞಾನ_ಮೇಷ್ಟ್ರು: 8ನೇ ತರಗತಿಯ ಮಕ್ಕಳು ಸ್ಕ್ರ್ಯಾಚ್‌ನಲ್ಲಿ (ಬ್ಲಾಕ್ ಜೋಡಿಸಿ ಪ್ರೋಗ್ರಾಂ ಬರೆಯುವ ತಾಣ) ಕತೆ ಕಟ್ಟುತ್ತಿದ್ದಾರೆ. ಅಂಗೈ ತೋರಿಸಿದರೆ ಮಳೆ, ಮುಷ್ಟಿ ಹಿಡಿದರೆ ಬಿಸಿಲು. ಚಿತ್ರ ತೋರಿಸಿ ಕಂಪ್ಯೂಟರಿಗೆ ಗುರುತು ಹಿಡಿಯಲು ಕಲಿಸುವ ಗೂಗಲ್‌ನ ಟೀಚಬಲ್ ಮಷೀನ್‌ನಲ್ಲಿ ಮಾಡಿದ ಮಾಡೆಲನ್ನು (ಹಾಗೆ ಕಲಿತ ಪ್ರೋಗ್ರಾಂ) ಎಕ್ಸ್‌ಟೆನ್ಶನ್, ಅಂದರೆ ಹೆಚ್ಚುವರಿ ಬ್ಲಾಕ್‌ಗಳ ಮೂಲಕ ಜೋಡಿಸಿದೆ. ಒಬ್ಬಳ ಕೈಗಷ್ಟೇ ಸರಿ. ಬೇರೆಯವರು ಸುಮ್ಮನೆ ನಿಂತರೂ ಮಳೆ! ಯಾಕೆ?

ಗಣಕಪ್ರಿಯ: ಅಂಗೈ, ಮುಷ್ಟಿ ಎಂದು ಎರಡೇ ವರ್ಗ (ಚಿತ್ರಗಳ ಗುಂಪು) ಕೊಟ್ಟರೆ ಮಾಡೆಲ್ ಎರಡರಲ್ಲೊಂದನ್ನು ಹೇಳಲೇಬೇಕು, ‘ಗೊತ್ತಿಲ್ಲ’ ಅನ್ನಲು ಅದಕ್ಕೆ ದಾರಿಯಿಲ್ಲ. ‘ಏನೂ ಇಲ್ಲ’ ಎಂಬ ಮೂರನೇ ವರ್ಗ ಸೇರಿಸಿ: ಖಾಲಿ ಗೋಡೆ, ಕೈ ಕೆಳಗಿಳಿಸಿ ನಿಂತ ಮಕ್ಕಳು. ಪ್ರತಿ ವರ್ಗಕ್ಕೂ 6 ಮಕ್ಕಳಿಂದ ತಲಾ 25 ಚಿತ್ರ ಸಾಕು. ಎಡಗೈ, ಬಲಗೈ, ಹತ್ತಿರ, ದೂರ ಎಲ್ಲವೂ ಇರಲಿ. ಒಬ್ಬಳದೇ 300 ಚಿತ್ರ ಹಾಕಿದರೆ ಅವಳ ಅಂಗಿ, ಹಿಂದಿನ ಕಿಟಕಿಯನ್ನೇ ಅದು ಕಲಿತಿರಬಹುದು.

ಶಾರದಾ_ಟೀಚರ್: ಜೊತೆಗೆ, ಮಾಡೆಲ್ ತೋರಿಸುವ ಖಚಿತತೆ 80% ದಾಟಿದರೆ ಮಾತ್ರ ದೃಶ್ಯ ಬದಲಾಗುವ ಹಾಗೆ ಷರತ್ತು ಹಾಕಿ. ಇಲ್ಲದಿದ್ದರೆ ಮಳೆ-ಬಿಸಿಲು ಮಿಣುಕುತ್ತಲೇ ಇರುತ್ತವೆ. ಮಾಡೆಲ್‌ನ ಟ್ರೇನಿಂಗ್ (ಕಲಿಕೆ) ಮುಗಿಯುವವರೆಗೆ ಬ್ರೌಸರ್ ಟ್ಯಾಬ್ ಬದಲಿಸಬೇಡಿ ಸರ್, ಪ್ರಾಜೆಕ್ಟ್ ಫೈಲನ್ನೂ ಇಳಿಸಿಕೊಳ್ಳಿ. ಮಾಡೆಲ್ ತಪ್ಪಿದ ಚಿತ್ರಗಳನ್ನು ಹುಡುಕುವ ಕೆಲಸ ಮಕ್ಕಳಿಗೇ ಬಿಡಿ. ನನ್ನ ಪ್ರಕಾರ ಪಾಠ ಇರುವುದೇ ಅಲ್ಲಿ.

ವಿಜ್ಞಾನ_ಮೇಷ್ಟ್ರು: ಮೂರನೇ ವರ್ಗ ಹಾಕಿದೆ, ಸುಳ್ಳು ಮಳೆ ನಿಂತಿತು. ಧನ್ಯವಾದ ಮೇಡಂ, ಗಣಕಪ್ರಿಯರಿಗೂ.