ಓದುಗರ ಸ್ಪಂದನ: ಮಾತ್ರೆ ನುಂಗುವುದು ಅಪನಂಬಿಕೆಯೇ?

ಹಿಂದಿನ ಸಂಚಿಕೆಯ ಪತ್ರ: ಹದಿನೇಳು ವರ್ಷದ ಮಗಳಿಗೆ ಚಿಕ್ಕಂದಿನಿಂದ ಮೂರ್ಛೆರೋಗವಿದೆ. ಸ್ವಸ್ಥತಾ ಕೂಟವೊಂದರಲ್ಲಿ ಆಕೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದವರು, ಗುಣವಾಯಿತು, ಇನ್ನು ಮಾತ್ರೆ ನುಂಗಿದರೆ ದೇವರನ್ನು ನಂಬಲಿಲ್ಲವೆಂದೇ ಅರ್ಥ ಎಂದರು. ಮಾತ್ರೆ ನಿಲ್ಲಿಸಿದ ಮೂರನೆಯ ವಾರದಲ್ಲಿ ಮತ್ತೆ ಸೆಳವು ಬಂತು. ಈಗ ಅದೇ ಜನ, ಮನೆಯವರ ನಂಬಿಕೆ ಸಾಲದು ಎನ್ನುತ್ತಿದ್ದಾರೆ. ಮಗಳು ಎಲ್ಲವೂ ತನ್ನದೇ ತಪ್ಪೆಂದು ಮಂಕಾಗಿ ಕೂತಿದ್ದಾಳೆ. ನಾವು ಎಲ್ಲಿ ತಪ್ಪಿದೆವು ಎಂದು ತಾಯಿ ಕೇಳಿದ್ದರು.

ನಿವೃತ್ತ ಸಭಾಪಾಲಕರೊಬ್ಬರು ಬರೆಯುತ್ತಾರೆ

ಸಹೋದರಿ, ನಿಮ್ಮ ಪತ್ರ ಓದುತ್ತಿದ್ದಂತೆ ನನಗೆ ನೆನಪಾದದ್ದು ಮಾರ್ಕನ ಸುವಾರ್ತೆಯ 9ನೇ ಅಧ್ಯಾಯ. ಅಲ್ಲಿಯೂ ನಿಮ್ಮಂತೆಯೇ ಕಂಗಾಲಾದ ತಂದೆಯೊಬ್ಬನಿದ್ದಾನೆ. ಅವನ ಮಗ ನೊರೆ ಸುರಿಸುತ್ತಾ ಹಲ್ಲು ಕಡಿಯುತ್ತಾ ನೆಲಕ್ಕೆ ಬೀಳುತ್ತಾನೆ, ಎಷ್ಟೋ ಸಲ ಬೆಂಕಿಗೂ ನೀರಿಗೂ ಬಿದ್ದಿದ್ದಾನೆ, ಶಿಷ್ಯರ ಕೈಯಲ್ಲಿ ಗುಣವಾಗಿಲ್ಲ. ಇದೇ ಪ್ರಸಂಗವನ್ನು ಮತ್ತಾಯನು 17ನೇ ಅಧ್ಯಾಯದಲ್ಲಿ ಹೇಳುವಾಗ, ನಮ್ಮಿಂದ ಏಕೆ ಆಗಲಿಲ್ಲ ಎಂದು ಶಿಷ್ಯರು ಯೇಸುಸ್ವಾಮಿಯನ್ನು ಏಕಾಂತದಲ್ಲಿ ಕೇಳುತ್ತಾರೆ; ನಿಮ್ಮ ನಂಬಿಕೆ ಕಡಿಮೆಯಾದದ್ದರಿಂದ ಎಂಬ ಉತ್ತರ ಬರುತ್ತದೆ. ಆ ಮಾತು ಯಾರ ಮೇಲೆ ಬಿತ್ತು ಎಂಬುದನ್ನು ದಯವಿಟ್ಟು ಗಮನಿಸಿ. ಅದು ಬಿದ್ದದ್ದು ಗುಣಪಡಿಸಲು ಹೋಗಿ ಸೋತವರ ಮೇಲೆ. ಆ ಹುಡುಗನ ನಂಬಿಕೆಯನ್ನು ಯಾರೂ ಅಳೆಯಲೇ ಇಲ್ಲ. ತಂದೆಯಾದರೂ, ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಎಂದು ಗೋಗರೆದವನು. ಹಾಗೆ ಅರೆಬರೆಯಾಗಿದ್ದ ಅವನ ನಂಬಿಕೆಯನ್ನು ಕರ್ತನು ತಳ್ಳಿಹಾಕಲಿಲ್ಲ.

ಆ ಕಥೆಯಲ್ಲಿ ಅಶುದ್ಧಾತ್ಮದ ಮಾತು ಬರುತ್ತದೆಯಲ್ಲ ಎಂದು ನಿಮಗೆ ಯಾರಾದರೂ ಹೇಳಿಯಾರು, ಬಹುಶಃ ಹೇಳಿಯೂ ಆಗಿರಬಹುದು. ಆದರೆ ಅದೇ ಮತ್ತಾಯನು 4ನೇ ಅಧ್ಯಾಯದ 24ನೇ ವಚನದಲ್ಲಿ ದೆವ್ವಹಿಡಿದವರನ್ನೂ ಮೂರ್ಛಾರೋಗಿಗಳನ್ನೂ ಬೇರೆಬೇರೆಯಾಗಿ ಎಣಿಸಿದ್ದಾನೆ. ಆದ್ದರಿಂದ ಮೂರ್ಛೆ ಬಂದವರೆಲ್ಲರಿಗೂ ದೆವ್ವದ ಹಣೆಪಟ್ಟಿ ಹಚ್ಚುವುದಕ್ಕೆ ಸತ್ಯವೇದದ ಆಧಾರವಿಲ್ಲ.

ಇನ್ನು ಔಷಧಿಯ ವಿಷಯ. ಹೊಟ್ಟೆಯ ತೊಂದರೆಯಿಂದ ಪದೇಪದೇ ನರಳುತ್ತಿದ್ದ ತಿಮೊಥೆಯನಿಗೆ ಅಪೊಸ್ತಲ ಪೌಲನು ಸ್ವಲ್ಪ ದ್ರಾಕ್ಷಾರಸ ತೆಗೆದುಕೊಳ್ಳೆಂದು ಬರೆದನೇ ಹೊರತು ನಿನ್ನ ನಂಬಿಕೆಯನ್ನು ಪರೀಕ್ಷಿಸಿಕೋ ಎನ್ನಲಿಲ್ಲ. ತನ್ನ ಜೊತೆಗಾರ ತ್ರೊಫಿಮನನ್ನು ಮಿಲೇತ ಪಟ್ಟಣದಲ್ಲಿ ಅಸ್ವಸ್ಥನಾಗಿಯೇ ಬಿಟ್ಟುಬಂದ ಸಂಗತಿಯನ್ನು ಪೌಲನು ಮುಚ್ಚಿಡಲಿಲ್ಲ. ತನ್ನ ಶರೀರದಲ್ಲಿ ನಾಟಿದ ಮುಳ್ಳನ್ನು ತೆಗೆಯೆಂದು ಅವನೇ ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ, ಕೃಪೆ ದೊರೆಯಿತು. ಆ ಪೌಲನ ನಂಬಿಕೆ ಸಾಲದೆಂದು ಹೇಳುವ ಧೈರ್ಯ ನಿಮ್ಮ ಕೂಟದವರಿಗೆ ಇದೆಯೇ?

ಹೆಸರು ಬೇಡವೆಂದ ಓದುಗರೊಬ್ಬರು

ಅಮ್ಮಾ, ನಾನು ಅಂಥ ವೇದಿಕೆಯನ್ನು ಹತ್ತಿ ಸಾಕ್ಷಿ ಹೇಳಿದವನು. ನನಗಾಗ ಇಪ್ಪತ್ತೆರಡು ವರ್ಷ. ಏಳು ಮುಚ್ಚಳಗಳಿದ್ದ ನನ್ನ ಮಾತ್ರೆಡಬ್ಬಿಯನ್ನು ಎಲ್ಲರೆದುರಿಗೆ ತೆರೆದು, ಒಂದೊಂದೇ ದಿನದ ಮಾತ್ರೆಗಳನ್ನು ಕಸದ ಬುಟ್ಟಿಗೆ ಸುರಿದೆ. ಭಾನುವಾರದ ಮುಚ್ಚಳ ಬಿಗಿಯಾಗಿ ಸಿಕ್ಕಿಕೊಂಡಿದ್ದರಿಂದ ಅದನ್ನು ಹಲ್ಲಿನಿಂದ ಕಚ್ಚಿ ತೆರೆದದ್ದು, ಜನ ನಕ್ಕು ಚಪ್ಪಾಳೆ ತಟ್ಟಿದ್ದು ಈಗಲೂ ನೆನಪಿದೆ. ಹನ್ನೊಂದನೆಯ ದಿನ ಉರಿಯುವ ಒಲೆಯ ಮುಂದೆ ಬಿದ್ದೆ. ಎಡಗೈಯ ಮೇಲೆ ಮೊಣಕೈವರೆಗೂ ಸುಟ್ಟ ಕಲೆಯಿದೆ. ಈ ಸಾಕ್ಷಿಯನ್ನೂ ಬಂದು ಹೇಳೆಂದು ನನ್ನನ್ನು ಯಾರೂ ವೇದಿಕೆಗೆ ಕರೆಯಲಿಲ್ಲ.

ಕಲೆಗಿಂತ ಹೆಚ್ಚು ನೋಯಿಸಿದ್ದು, ನಾನು ಯಾವುದೋ ಪಾಪವನ್ನು ಅರಿಕೆ ಮಾಡಿಕೊಂಡಿಲ್ಲವೆಂಬ ಪಿಸುಮಾತು. ಎರಡು ವರ್ಷ ಆ ಪಾಪವನ್ನು ಹುಡುಕಿದೆ; ನಿಮ್ಮ ಮಗಳೂ ಈಗ ಹುಡುಕುತ್ತಿರಬಹುದು. ಹುಟ್ಟುಕುರುಡನನ್ನು ಕಂಡು, ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಗಳೋ ಎಂದು ಶಿಷ್ಯರು ಕೇಳಿದಾಗ ಇಬ್ಬರೂ ಅಲ್ಲವೆಂದು ಯೇಸು ಹೇಳಿದ ಯೋಹಾನನ 9ನೇ ಅಧ್ಯಾಯವನ್ನು ಅವಳಿಗೆ ಓದಿ ಹೇಳಿ. ನಾನು ಈಗ ಊಟಕ್ಕೆ ಮೊದಲು ಮಾಡುವಂತೆ ಮಾತ್ರೆಗೂ ಮೊದಲು ಸ್ತೋತ್ರ ಮಾಡಿ ನುಂಗುತ್ತೇನೆ.

ದಾದಿಯೊಬ್ಬರು

ಮೂರ್ಛೆರೋಗದ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಿದರೆ ಸೆಳವು ಒಂದರ ಹಿಂದೊಂದು ಬಂದು ಪ್ರಾಣಕ್ಕೇ ಕುತ್ತಾಗಬಹುದು. ಹಾಗೆಂದು ಹಳೆಯ ಪ್ರಮಾಣವನ್ನು ನೀವಾಗಿಯೇ ಮತ್ತೆ ಶುರುಮಾಡಬೇಡಿ. ಲ್ಯಾಮೊಟ್ರಿಜಿನ್‌ನಂಥ ಔಷಧಿ ಕೆಲವು ದಿನ ತಪ್ಪಿದ್ದರೆ ಸಣ್ಣ ಪ್ರಮಾಣದಿಂದ ಮೆಲ್ಲಗೆ ಏರಿಸಬೇಕಾಗುತ್ತದೆ. ವೈದ್ಯರಿಗೆ ನಡೆದದ್ದನ್ನೆಲ್ಲ, ಕೂಟದ ಸಂಗತಿಯನ್ನೂ ಸೇರಿಸಿ, ಇವತ್ತೇ ಹೇಳಿ. ಸೆಳವು ಬಂದಾಗ ಬಾಯಿಗೆ ಏನನ್ನೂ ತುರುಕದೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ ಆಸ್ಪತ್ರೆಗೆ ಹೊರಡಿ.

ಕಥೋಲಿಕ ಪ್ರಾರ್ಥನಾ ಗುಂಪಿನ ಸದಸ್ಯೆ

ಮೇಲಿನಂಥ ಉತ್ತರಗಳು ಬರುತ್ತವೆಂದು ನನಗೆ ಗೊತ್ತಿತ್ತು, ಅವುಗಳೊಡನೆ ನನ್ನದೇನೂ ತಕರಾರಿಲ್ಲ. ಆದರೆ ದೇವರು ಇಂದಿಗೂ ಗುಣಪಡಿಸುತ್ತಾನೆಂದು ನಂಬಿ ರೋಗಿಗಳ ಮೇಲೆ ಕೈಯಿಟ್ಟು ಪ್ರಾರ್ಥಿಸುವವಳು ನಾನು. ನೀವು ಮಗಳನ್ನು ಪ್ರಾರ್ಥನೆಗೆ ಕರೆದೊಯ್ದದ್ದೇ ತಪ್ಪಾಯಿತೆಂದು ತಿಳಿಯಬೇಡಿ. ರೋಗಿಯು ಸಭೆಯ ಹಿರಿಯರನ್ನು ಕರೆಯಿಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಎಂದು ಯಾಕೋಬನೇ ಬರೆದಿದ್ದಾನೆ. ಔಷಧಿ ಬಿಡಲಿ ಎಂದು ಮಾತ್ರ ಅಲ್ಲಿಲ್ಲ. ನಮ್ಮ ಸತ್ಯವೇದದಲ್ಲಿರುವ ಸಿರಾಖನ ಗ್ರಂಥದ 38ನೇ ಅಧ್ಯಾಯವಂತೂ, ರೋಗ ಬಂದಾಗ ಪ್ರಾರ್ಥಿಸು, ಆಮೇಲೆ ವೈದ್ಯನಿಗೂ ಎಡೆಕೊಡು, ಅವನನ್ನೂ ದೇವರೇ ಉಂಟುಮಾಡಿದ್ದಾನೆ ಎನ್ನುತ್ತದೆ.

ಯೇಸುಸ್ವಾಮಿ ಹತ್ತು ಮಂದಿ ಕುಷ್ಠರೋಗಿಗಳಿಗೆ ಹೇಳಿದ್ದು, ಹೋಗಿ ಯಾಜಕರಿಗೆ ತೋರಿಸಿಕೊಳ್ಳಿ ಎಂದು. ಚರ್ಮವನ್ನು ಪರೀಕ್ಷಿಸಿ ಶುದ್ಧವೆಂದು ಹೇಳುವ ಅಧಿಕಾರ ಅಂದು ಯಾಜಕರದ್ದಾಗಿತ್ತು. ರೋಗಿಗಳು ಸ್ವಸ್ಥತೆ ಬೇಡಿ ಯಾತ್ರೆ ಹೋಗುವ ಫ್ರಾನ್ಸಿನ ಲೂರ್ದ್ ಕ್ಷೇತ್ರದಲ್ಲಿ, ಗುಣವಾಯಿತೆನ್ನುವವರನ್ನು ಪರೀಕ್ಷಿಸಲು 1883ರಿಂದ ವೈದ್ಯರ ಕಚೇರಿಯೇ ಇದೆ. ಗುಣಹೊಂದಿದೆವೆಂದು ಏಳು ಸಾವಿರಕ್ಕೂ ಹೆಚ್ಚು ಮಂದಿ ಹೇಳಿಕೊಂಡಿದ್ದರೂ 2018ರವರೆಗೆ ಸಭೆಯು ಅದ್ಭುತವೆಂದು ಒಪ್ಪಿದ್ದು 70 ಪ್ರಕರಣಗಳನ್ನು ಮಾತ್ರ. ಅದ್ಭುತವನ್ನು ನಂಬುವವರೇ ಇಷ್ಟು ನಿಧಾನವಾಗಿರುವಾಗ, ಒಂದು ಸಂಜೆಯ ಕೂಟದಲ್ಲಿ ಗುಣವಾಯಿತೆಂದು ಘೋಷಿಸುವ ಅವಸರ ಏಕೆ? ನಿಜಕ್ಕೂ ಗುಣವಾಗಿದ್ದರೆ ಮಾತ್ರೆ ನಡೆಯುತ್ತಿರುವಾಗಲೂ ಆಕೆ ಗುಣವಾಗಿಯೇ ಇರುತ್ತಾಳೆ. ಸೆಳವಿಲ್ಲದೆ ವರ್ಷಗಳು ಕಳೆದ ಮೇಲೆ ಮಾತ್ರೆ ತಗ್ಗಿಸುವ ಮಾತನ್ನು ವೈದ್ಯರೇ ಎತ್ತಬಹುದು.

ಆ ಗುಂಪಿನವರು ಮತ್ತೆ ಮನೆಗೆ ಬಂದರೆ ಬಾಗಿಲು ಹಾಕಬೇಡಿ, ಒಳಗೆ ಕರೆದು ಯೋಬನ ಗ್ರಂಥದ 2ನೇ ಅಧ್ಯಾಯದ ಕೊನೆಯ ವಚನವನ್ನು ಅವರ ಕೈಯಲ್ಲೇ ಓದಿಸಿ. ಎಲ್ಲವನ್ನೂ ಕಳೆದುಕೊಂಡು ರೋಗಬಿದ್ದಿದ್ದ ಯೋಬನ ಜೊತೆ ಅವನ ಸ್ನೇಹಿತರು ಏಳು ದಿನ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅವರು ಕೆಟ್ಟದ್ದು ಬಾಯಿ ತೆರೆದು, ಈ ಕಷ್ಟಕ್ಕೆ ನಿನ್ನ ಪಾಪವೇ ಕಾರಣ ಎಂದ ಮೇಲೆ. ಮಗಳ ಪಕ್ಕದಲ್ಲಿ ಒಂದು ಗಂಟೆಯಾದರೂ ಹಾಗೆ ಸುಮ್ಮನೆ ಕೂರಲು ಅವರು ಒಪ್ಪುತ್ತಾರೇನೋ ಕೇಳಿನೋಡಿ.