ಪದಚರ್ಚೆ: ಹಜಾರ್ಡ್‌ಗೂ ‘ಅಪಾಯ’, ರಿಸ್ಕ್‌ಗೂ ‘ಅಪಾಯ’ವೇ?

ಪ್ರಶ್ನೆ: ನಮಸ್ಕಾರ. ಶಿವಮೊಗ್ಗದ ಕೈಗಾರಿಕಾ ಪ್ರದೇಶದ ಆಸುಪಾಸಿನ ಹಳ್ಳಿಗಳಿಗೆ ಹಂಚುವ ಸುರಕ್ಷತಾ ಕೈಪಿಡಿಯ ಕರಡಿನಲ್ಲಿ ಹಜಾರ್ಡ್, ರಿಸ್ಕ್ ಎರಡಕ್ಕೂ ‘ಅಪಾಯ’ ಎಂದೇ ಇದೆ. ಒಂದು ಕಡೆ ‘ಈ ಅಪಾಯದ ಅಪಾಯ ಕಡಿಮೆ’ ಎಂದೂ ಬಂದುಬಿಟ್ಟಿದೆ. ಬೇರೆ ಪದ ಯಾವುದು? ‘ಥ್ರೆಶೋಲ್ಡ್’ಗೆ ‘ಮಿತಿ’, ‘ಅಪ್‌ವಿಂಡ್’ಗೆ ‘ಗಾಳಿಯ ವಿರುದ್ಧ ದಿಕ್ಕು’ ಎಂದಿರುವುದು ಸರಿಯೇ?

ಉತ್ತರ: ನಮಸ್ಕಾರ ಮೇಡಂ. ನೀರು ಶುದ್ಧೀಕರಣಕ್ಕೆ ಬಳಸುವ ಕ್ಲೋರಿನ್ ಟೋನರ್, ಅಂದರೆ ಕ್ಲೋರಿನ್ ತುಂಬಿದ ದೊಡ್ಡ ಸಿಲಿಂಡರ್ ತಗೊಳ್ಳಿ. ಒಂದರಲ್ಲಿ 900 ಕಿಲೋ ದ್ರವ ಕ್ಲೋರಿನ್. ಅದನ್ನು ಊರಾಚೆ ಇಟ್ಟರೂ, ಶಾಲೆಯ ಗೋಡೆಗೆ ತಾಗಿಸಿಟ್ಟರೂ ಹಜಾರ್ಡ್, ಅಂದರೆ ಕೇಡು ಮಾಡಬಲ್ಲ ಮೂಲ, ಅಷ್ಟೇ. ಬದಲಾಗುವುದು ರಿಸ್ಕ್: ವಾಲ್ವ್ ಎಷ್ಟು ಹಳತು, ಸೋರಿಕೆ ಅಲಾರಂ ಬಡಿಯುತ್ತದೆಯೇ, ಸುತ್ತ ಎಷ್ಟು ಜನ. ಆದೀತೇ ಎಂಬುದೂ, ಆದರೆ ಎಷ್ಟು ಜನಕ್ಕೆ ತಟ್ಟೀತು ಎಂಬುದೂ ಸೇರಿದ ಅಳತೆ ಅದು. ಹಜಾರ್ಡ್‌ಗೆ ‘ಅಪಾಯಮೂಲ’ ಚೆನ್ನಾಗಿ ಕೂರುತ್ತದೆ.

ರಿಸ್ಕ್‌ಗೆ ಪದ ಹುಡುಕುವುದೇ ಕಷ್ಟ. ‘ನಷ್ಟಭಯ’ದಲ್ಲಿ ವಾಣಿಜ್ಯದ ವಾಸನೆ. ‘ಗಂಡಾಂತರ’ ಎಂದರೆ ತಲೆಯ ಮೇಲೆ ಬಂದೇ ಬಿಟ್ಟದ್ದು, ಅಳತೆಯಲ್ಲ. ‘ಅಪಾಯಸಂಭವ’ ಹೇಳುವುದು ಸಾಧ್ಯತೆಯನ್ನು ಮಾತ್ರ, ತೀವ್ರತೆ ಬಿಟ್ಟುಹೋಗುತ್ತದೆ. ‘ರಿಸ್ಕ್ ತಗೋಬೇಡ’ ಅನ್ನದ ಮನೆ ಯಾವುದಿದೆ? ಹಳ್ಳಿಯ ಕೈಪಿಡಿಗೆ ‘ರಿಸ್ಕ್’ ಎಂದೇ ಇಡಿ. ‘ವರ್ಷಕ್ಕೆ ಹತ್ತು ಲಕ್ಷಕ್ಕೆ ಒಂದು’ ಎಂಬ ಅಂಕಿ ಬಂದಲ್ಲಿ ಮಾತ್ರ ಒಂದು ಸಾಲು ವಿವರಣೆ ಹಾಕಿ. ಯಾವುದೇ ಒಂದು ವರ್ಷದಲ್ಲಿ ಆಗುವ ಸಾಧ್ಯತೆ ಹತ್ತು ಲಕ್ಷದಲ್ಲಿ ಒಂದು ಎಂದು ಅದರ ಅರ್ಥ; ಹತ್ತು ಲಕ್ಷ ವರ್ಷ ಕಳೆದ ಮೇಲೆ ಆಗುವುದು ಅಂತ ಓದುವವರು ಕಡಿಮೆಯೇನಿಲ್ಲ.

‘ಮಿತಿ’ಯನ್ನು ಖಂಡಿತ ತೆಗೆಯಿರಿ, ಕರಡಿನಲ್ಲಿ ಅತಿ ಕೆಟ್ಟ ತಪ್ಪು ಇದೇ. ಭೋಪಾಲದ ಅನಿಲ ದುರಂತದ ನಂತರ ಬಂದ 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳಲ್ಲಿ ಕ್ಲೋರಿನ್‌ಗೆ 10 ಟನ್, 25 ಟನ್ ಎಂಬ ಎರಡು ಅಂಕಿಗಳಿವೆ. ಇದಕ್ಕಿಂತ ಹೆಚ್ಚು ಇಡಕೂಡದು ಎಂದು ಅವುಗಳ ಅರ್ಥವಲ್ಲ. 10 ಮುಟ್ಟಿದರೆ ಅಧಿಕಾರಿಗೆ ತಿಳಿಸುವುದು, ತುರ್ತು ಯೋಜನೆ ಮಾಡುವುದು ಮುಂತಾದ ಹೊಣೆಗಳು ಶುರು. 25 ಮುಟ್ಟಿದರೆ ಸುರಕ್ಷತಾ ವರದಿಯೂ ಬೇಕು. ಹನ್ನೊಂದು ಟೋನರ್ ಇಟ್ಟವರದ್ದು 9.9 ಟನ್. ‘ಮಿತಿಯೊಳಗಿದೆ’ ಎಂದು ಬರೆದರೆ ಓದುವವರಿಗೆ ‘ಭಯವಿಲ್ಲ’ ಎಂದೇ ಕೇಳಿಸುತ್ತದೆ. ಆದರೆ ಒಂದು ಟೋನರ್ ಸೋರಿದರೂ ಊರು ಬಿಡಬೇಕಾದೀತು. ‘ಹೊಸ್ತಿಲ ಪ್ರಮಾಣ’ ಎನ್ನಿ: ದಾಟಿದರೆ ಹೊಣೆ ಮೈಮೇಲೆ ಬರುತ್ತದೆ ಎಂಬುದು ಪದದಲ್ಲೇ ಇದೆ.

‘ಅಪಾಯಮೂಲಗಳ ಪಟ್ಟಿ’ಗೆ ‘ಸ್ಥಾವರಗಳು’ ಎಂದು ತಲೆಬರಹ ಕೊಟ್ಟಿದ್ದರೆ ಅದನ್ನೂ ಬದಲಿಸಿ. 2021ರ ಜನವರಿ 21ರ ರಾತ್ರಿ ನಿಮ್ಮ ಶಿವಮೊಗ್ಗದ ಹತ್ತಿರದ ಹುಣಸೋಡಿನ ಕಲ್ಲುಕ್ವಾರಿ ಬಳಿ ಸಿಡಿದದ್ದು ಲಾರಿಯಲ್ಲಿದ್ದ ಸ್ಫೋಟಕ. ದೂರದೂರದವರೂ ಭೂಕಂಪವೆಂದು ಬೀದಿಗೆ ಬಂದಿದ್ದರು. ಚಕ್ರದ ಮೇಲಿರುವುದೂ ಅಪಾಯಮೂಲವೇ.

ಇನ್ನು ಅಪ್‌ವಿಂಡ್, ಅಂದರೆ ಗಾಳಿ ಬೀಸಿ ಬರುವ ಕಡೆ. ‘ಗಾಳಿಯ ವಿರುದ್ಧ ಓಡಿ’ ಎಂದರೆ, ಅನಿಲ ತನ್ನ ಕಡೆಗೇ ಬರುತ್ತಿರುವವನು ಅದರೊಳಗೇ ನುಗ್ಗಿ ಸೋರುವ ಟೋನರ್‌ನತ್ತ ಓಡುತ್ತಾನೆ. ಮೊದಲು ಗಾಳಿಗೆ ಅಡ್ಡಲಾಗಿ ಸರಿದು ಅನಿಲದಿಂದ ಹೊರಬರಬೇಕು. ಆಮೇಲೆ ಸುತ್ತು ಹಾಕಿ ಗಾಳಿ ಬರುವ ಕಡೆಗೆ. ನಮ್ಮಲ್ಲಿ ಇನ್ನೊಂದು ಸೇರಿಸಲೇಬೇಕು. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ತಗ್ಗು ಹುಡುಕಿ ಇಳಿಯುತ್ತದೆ. ಚಳಿಗಾಲದ ಬೆಳಗ್ಗೆ ಗದ್ದೆಬಯಲಿನಲ್ಲಿ ಮಂಜು ಕೂತಿರುವ ಹೊತ್ತಿಗೆ ಗಾಳಿ ಮೇಲೆ ಕೆಳಗೆ ಬೆರೆಯದೆ, ಅನಿಲವೂ ಮಂಜಿನ ಹಾಗೆಯೇ ಹಳ್ಳದ ಗುಂಟ ಹರಿಯುತ್ತದೆ. ವಾಕ್ಯ ಹೀಗಿರಲಿ: ‘ಗಾಳಿಗೆ ಅಡ್ಡಲಾಗಿ ಸರಿಯಿರಿ, ದಿಬ್ಬ ಹತ್ತಿ, ಹಳ್ಳದ ದಾರಿ ಹಿಡಿಯಬೇಡಿ.’ ಸೋರುವ ಜಾಗಕ್ಕೆ ನೀರು ಹಾಕಬೇಡಿ ಎಂಬುದನ್ನೂ ಅದರ ಕೆಳಗೇ ಸೇರಿಸಿ; ನೀರು ಸೇರಿ ಆಮ್ಲವಾದರೆ ತೂತು ಇನ್ನಷ್ಟು ದೊಡ್ಡದಾಗುತ್ತದೆ.